ಪುಟ್ಟ ಕಾರಿಗೆ ದೊಡ್ಡ ಶಕ್ತಿ: ಕಡಿವಾಣ ಮೊದಲು, ಚಾಟಿ ಆಮೇಲೆ

ಹುಟ್ಟುಹಬ್ಬಕ್ಕೆ ಬಂದ ಬ್ಯಾಟರಿ ಕಾರಿನ ಸಂಭ್ರಮ ಹೆಚ್ಚೆಂದರೆ ಮೂರು ತಿಂಗಳು. ಮೊದಲ ವಾರ ಮಗು ಅದರಿಂದ ಕೆಳಗೇ ಇಳಿಯುವುದಿಲ್ಲ. ಎರಡನೆಯ ತಿಂಗಳು ಅಕ್ಕಪಕ್ಕದ ಮಕ್ಕಳೆಲ್ಲ ಸರದಿಯಲ್ಲಿ ನಿಲ್ಲುತ್ತಾರೆ. ಮೂರನೆಯ ತಿಂಗಳ ಹೊತ್ತಿಗೆ ದೂರು ಶುರು: "ಅಪ್ಪಾ, ಇದು ಗೇಟಿನ ಏರು ಹತ್ತೋದೇ ಇಲ್ಲ. ಓಡ್ಕೊಂಡು ಬರೋ ಹುಡುಗ್ರು ನನ್ನ ಹಿಂದೆ ಹಾಕ್ತಾರೆ!"

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೈಸೂರಿನ ಬಡಾವಣೆಯಲ್ಲೋ, ದಾವಣಗೆರೆಯ ಕಾಲೊನಿಯಲ್ಲೋ, ಎಲ್ಲಾದರೂ ಇರಬಹುದು. ಎಂಟು ವರ್ಷದ ಮಗಳು, ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ಅಣ್ಣ, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವ ಅಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪ, ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಗಮನಿಸುವ ಅಜ್ಜಿ. ತಂಗಿಯ ದೂರಿಗೆ ಅಣ್ಣನ ಬಳಿ ಸಿದ್ಧ ಉತ್ತರವಿದೆ. "ಈಗಿರೋದು 12 ವೋಲ್ಟ್ ಬ್ಯಾಟರಿ. ಇನ್ನೊಂದು ಅಂಥದ್ದನ್ನೇ ಸರಣಿಯಲ್ಲಿ ಜೋಡಿಸಿದ್ರೆ 24. ಐದು ನಿಮಿಷದ ಕೆಲಸ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಕೆಲಸ ಐದೇ ನಿಮಿಷದ್ದು. ಕಾರು ಓಡುವುದೂ ನಿಜ. ಪ್ರಶ್ನೆ ಇರುವುದು ಆರನೆಯ ನಿಮಿಷದಲ್ಲಿ ಏನಾಗುತ್ತದೆ ಎಂಬುದರಲ್ಲಿ.

ಆಟಿಕೆಯ ಹೊಟ್ಟೆಯೊಳಗೆ

ಮಕ್ಕಳು ಕುಳಿತು ಓಡಿಸುವ ಸಾಮಾನ್ಯ ಬ್ಯಾಟರಿ ಕಾರಿನ ಸೀಟು ಎತ್ತಿ ನೋಡಿದರೆ ಒಳಗಿರುವ ಸಂಸಾರ ತೀರಾ ಚಿಕ್ಕದು. ಮುಚ್ಚಿದ ಡಬ್ಬಿಯಂಥ ಒಂದು ಸೀಸ-ಆಮ್ಲ ಬ್ಯಾಟರಿ, ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆ. ಒಂದೋ ಎರಡೋ ಪುಟ್ಟ ಮೋಟಾರು. ಮೋಟಾರಿನ ವೇಗವನ್ನು ತಗ್ಗಿಸಿ ಬಲ ಹೆಚ್ಚಿಸುವ ಪ್ಲಾಸ್ಟಿಕ್ ಹಲ್ಲುಚಕ್ರಗಳ ಪೆಟ್ಟಿಗೆ. ಕಾಲ ಕೆಳಗೆ ಒಂದು ಸ್ವಿಚ್ಚು. ಒತ್ತಿದರೆ ಪೂರ್ತಿ ಓಟ, ಬಿಟ್ಟರೆ ನಿಲುಗಡೆ. ನಡುವೆ ಏನೂ ಇಲ್ಲ. ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ದೊಡ್ಡವರು ನಡೆಯುವಷ್ಟು.

ಈ ನಿಧಾನ ತಯಾರಕರ ಜಿಪುಣತನವಲ್ಲ. ಬ್ಯಾಟರಿ, ವೈರು, ಮೋಟಾರು, ಹಲ್ಲುಚಕ್ರ, ಟೈರು ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಆಯ್ದ ಭಾಗಗಳು. ಸರಪಳಿಯ ಒಂದು ಕೊಂಡಿಯನ್ನು ಬಲಪಡಿಸಿದರೆ ಪಕ್ಕದ ಕೊಂಡಿ ತುಂಡಾಗುತ್ತದೆ. ಕಾರಿನ ಶಕ್ತಿ ಹೆಚ್ಚಿಸಲು ಹೊರಟವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಮಾತು ಇದೇ.

ಅದಕ್ಕೂ ಮೊದಲು ಇನ್ನೊಂದು ಸಂಗತಿ ನೋಡಬೇಕು. ನಿಜಕ್ಕೂ ಕಾರಿನ ಶಕ್ತಿ ಸಾಲದೋ ಅಥವಾ ಬ್ಯಾಟರಿಗೆ ವಯಸ್ಸಾಗಿದೆಯೋ? ಅಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವಂಥ ಒಂದು ಮಲ್ಟಿಮೀಟರ್ ತಂದು ಬ್ಯಾಟರಿಯ ನಾಡಿ ನೋಡುತ್ತಾರೆ ಎನ್ನೋಣ. ಪೂರ್ತಿ ಚಾರ್ಜ್ ಆದ ಆರೋಗ್ಯವಂತ ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್ ಆಸುಪಾಸು ತೋರಿಸಬೇಕು. ಮಗು ಕುಳಿತು ಏರು ಹತ್ತುವಾಗ ಮುಳ್ಳು ಹತ್ತಕ್ಕಿಂತ ಕೆಳಗೆ ಕುಸಿದರೆ ರೋಗ ಬ್ಯಾಟರಿಯದೇ. ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಮೂಲೆಗೆ ತಳ್ಳಿದ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮತ್ತೆ ಅದು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಹಿಂದಿನ ಅಚ್ಚಿಗೆ ಸುತ್ತಿಕೊಂಡ ದಾರ, ಕೂದಲು, ತುಕ್ಕು ಹಿಡಿದ ಕನೆಕ್ಟರುಗಳೂ ಶಕ್ತಿ ತಿನ್ನುತ್ತವೆ. ಎಷ್ಟೋ ಮನೆಗಳಲ್ಲಿ "ಶಕ್ತಿ ಸಾಲದು" ಎಂಬ ದೂರು ಇಷ್ಟು ಸರಿಪಡಿಸಿದರೆ ಅರ್ಧ ಮುಗಿಯುತ್ತದೆ.

ಆರನೆಯ ನಿಮಿಷ

ಈಗ ಅಣ್ಣನ ಉಪಾಯಕ್ಕೆ ಬರೋಣ. ನೇರ ವಿದ್ಯುತ್ತಿನ ಮೋಟಾರು ತಿರುಗುವಾಗ ತಾನೇ ಒಂದು ಜನರೇಟರಿನಂತೆಯೂ ವರ್ತಿಸುತ್ತದೆ. ಬ್ಯಾಟರಿ ಒತ್ತಿದ ದಿಕ್ಕಿಗೆ ವಿರುದ್ಧವಾಗಿ ತನ್ನದೇ ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಂತೆ ಈ ಪ್ರತಿ-ವೋಲ್ಟೇಜು ಹೆಚ್ಚುತ್ತದೆ. ಆದ್ದರಿಂದಲೇ ಸರಾಗವಾಗಿ ಓಡುವ ಮೋಟಾರು ಸ್ವಲ್ಪವೇ ವಿದ್ಯುತ್ ಕುಡಿಯುತ್ತದೆ.

ಆದರೆ ನಿಂತ ಮೋಟಾರಿನಲ್ಲಿ ಈ ತಡೆ ಇರುವುದಿಲ್ಲ. ಆಗ ಪ್ರವಾಹವನ್ನು ಹಿಡಿದಿಡುವುದು ಸುರುಳಿಯ ರೋಧ ಮಾತ್ರ. ಆ ರೋಧ 0.2 ಓಮ್ ಎಂದುಕೊಂಡರೆ, ಓಮ್‌ನ ನಿಯಮದ ಪ್ರಕಾರ 12 ವೋಲ್ಟಿಗೆ 60 ಆಂಪಿಯರ್! ಅದು ಹುಟ್ಟಿಸುವ ಶಾಖ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಅಂದರೆ 720 ವ್ಯಾಟ್. ಹೆಚ್ಚುಕಡಿಮೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ವೋಲ್ಟೇಜನ್ನು 24ಕ್ಕೆ ಏರಿಸಿದರೆ ಪ್ರವಾಹ 120 ಆಂಪಿಯರ್, ಶಾಖ 2880 ವ್ಯಾಟ್. ಬಚ್ಚಲುಮನೆಯ ಗೀಸರನ್ನೂ ಮೀರಿದ ಶಾಖ, ಮುಷ್ಟಿಯಲ್ಲಿ ಹಿಡಿಯುವಂಥ ಮೋಟಾರಿನೊಳಗೆ! ಬ್ಯಾಟರಿ ಮತ್ತು ವೈರುಗಳ ರೋಧದಿಂದಾಗಿ ನಿಜದಲ್ಲಿ ಅಂಕಿಗಳು ಇಷ್ಟಕ್ಕೆ ಮುಟ್ಟುವುದಿಲ್ಲ. ಆದರೆ ವೋಲ್ಟೇಜು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು ಎಂಬ ಲೆಕ್ಕ ಹಾಗೇ ಉಳಿಯುತ್ತದೆ.

ಹೊರಡುವ ಕ್ಷಣದಲ್ಲಿ ಈ ಪ್ರವಾಹ ಕ್ಷಣಮಾತ್ರ ಹರಿದು ಇಳಿಯುತ್ತದೆ. ಆ ಕ್ಷಣದ ಜಗ್ಗಾಟಕ್ಕೇ ಪ್ಲಾಸ್ಟಿಕ್ ಹಲ್ಲುಗಳು ಉದುರಬಹುದು. ಇನ್ನು ಮಗು ಕಾರನ್ನು ಗೋಡೆಗೆ ತಾಗಿಸಿ ಪೆಡಲ್ ಒತ್ತಿಯೇ ಹಿಡಿದರೆ? ಗುಂಡಿಯಲ್ಲಿ ಚಕ್ರ ಸಿಕ್ಕಿಬಿದ್ದರೆ? ಸುರುಳಿಯ ಅರಗು ಕರಗಿ, ಸುಟ್ಟ ವಾಸನೆ ಬಂದು, ಐದು ನಿಮಿಷದ ಉಪಾಯ ಆರನೆಯ ನಿಮಿಷದಲ್ಲಿ ಹೊಗೆಯಾಗುತ್ತದೆ.

ಒಂಬತ್ತು ಪಟ್ಟಿನ ಲೆಕ್ಕ

ಮೋಟಾರು ಸುಟ್ಟರೆ ಇನ್ನೊಂದು ತರಬಹುದು. ಮಗುವಿನ ವಿಷಯದಲ್ಲಿ ಹಾಗೆ ಹೇಳಲಾದೀತೇ?

ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣ ಎಂದು ಹೈಸ್ಕೂಲಿನ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಪರೀಕ್ಷೆಯಲ್ಲಿ ಬರೆದು ಮರೆಯುವ ಆ ಸೂತ್ರ ಇಲ್ಲಿ ಕಣ್ಣೆದುರು ಬರುತ್ತದೆ. ಮಗು ಮತ್ತು ಕಾರು ಸೇರಿ 45 ಕಿಲೋ ಎಂದುಕೊಳ್ಳಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅವುಗಳ ಚಲನಶಕ್ತಿ ಸುಮಾರು 43 ಜೌಲ್. ವೇಗ 15 ಆದರೆ ಸುಮಾರು 390 ಜೌಲ್. ವೇಗ ಮೂರು ಪಟ್ಟು, ಶಕ್ತಿ ಒಂಬತ್ತು ಪಟ್ಟು.

ಸೂತ್ರ ಬೇಡವೆನ್ನುವವರಿಗೆ ಇನ್ನೊಂದು ಹೋಲಿಕೆ ಇದೆ. 5 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದು 10 ಸೆಂಟಿಮೀಟರ್ ಎತ್ತರದಿಂದ ಬಿದ್ದಂತೆ, ಹೊಸ್ತಿಲಿನಿಂದ ಜಾರಿದಂತೆ. 10 ಕಿಲೋಮೀಟರ್ ಎಂದರೆ ಸುಮಾರು 40 ಸೆಂಟಿಮೀಟರ್, ಒಂದು ಸ್ಟೂಲಿನಿಂದ ಬಿದ್ದಂತೆ. 15 ಎಂದರೆ ಸುಮಾರು 90 ಸೆಂಟಿಮೀಟರ್, ಅಡುಗೆಮನೆಯ ಕಟ್ಟೆಯಿಂದ ಬಿದ್ದಂತೆ. 20 ಎಂದರೆ ಒಂದೂವರೆ ಮೀಟರಿಗೂ ಮೇಲೆ, ಕಾಂಪೌಂಡ್ ಗೋಡೆಯ ಮೇಲಿನಿಂದ ಬಿದ್ದಂತೆ! ಮಗು ಅಪಾಯ ಕಂಡು ಕಾಲು ತೆಗೆಯಲು ಒಂದು ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಕಾರು 5 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಮೀಟರಿನೊಳಗೆ ಇರುತ್ತದೆ. 15ರಲ್ಲಿ ನಾಲ್ಕು ಮೀಟರ್ ದಾಟಿರುತ್ತದೆ. ಮನೆಯ ಮುಂದಿನ ಅಂಗಳವೇ ಅಷ್ಟಿರುವುದಿಲ್ಲ.

ಲೆಕ್ಕ ಕೇಳಿಸಿಕೊಂಡ ಅಜ್ಜಿ ಹೇಳುವ ಮಾತು ಒಂದೇ: "ಕುದುರೆ ತಂದವ್ರು ಮೊದ್ಲು ಕಡಿವಾಣ ಮಾಡಿಸ್ತಿದ್ರು ಕಣೋ, ಚಾಟಿ ಆಮೇಲೆ." ಮಕ್ಕಳ ಕಾರಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಕ್ಕುವುದಿಲ್ಲ.

ವೇಗ ಬೇಕೋ, ಬಲ ಬೇಕೋ?

ಮಗಳ ದೂರನ್ನು ಇನ್ನೊಮ್ಮೆ ಗಮನಿಸಿ. ಅವಳ ಮೊದಲ ಕಷ್ಟ ಏರು ಹತ್ತದಿರುವುದು. ಅದು ವೇಗದ ಕೊರತೆಯಲ್ಲ, ತಿರುಚುಬಲದ ಕೊರತೆ. ಸೈಕಲ್ಲಿನಲ್ಲಿ ಘಟ್ಟ ಹತ್ತುವವರು ಗೇರು ಬದಲಿಸಿ ಪೆಡಲನ್ನು ಹೆಚ್ಚು ಸಲ ತುಳಿಯುತ್ತಾರೆ, ನಿಧಾನವಾದರೂ ಹತ್ತುತ್ತಾರೆ. ಮೋಟಾರಿಗೂ ಇದೇ ನ್ಯಾಯ.

ಪ್ಲಾಸ್ಟಿಕ್ ಕಾರನ್ನು ಬದಿಗಿಟ್ಟು, ಕಬ್ಬಿಣದ ಕೊಳವೆಯ ಚೌಕಟ್ಟಿರುವ ಪುಟ್ಟ ಗೋ-ಕಾರ್ಟನ್ನು ತೆಗೆದುಕೊಳ್ಳೋಣ. ಮಗು ಸೇರಿ 60 ಕಿಲೋ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿ. ಏರು ಹಿಂದಕ್ಕೆಳೆಯುವ ಬಲ ಸುಮಾರು 59 ನ್ಯೂಟನ್, ಟೈರುಗಳ ಉರುಳು ಘರ್ಷಣೆ ಸುಮಾರು 18, ಒಟ್ಟು 77 ನ್ಯೂಟನ್. ವಿದ್ಯುತ್ ಸ್ಕೂಟರುಗಳಿಗೆ ಬಳಸುವಂಥ 24 ವೋಲ್ಟ್, 250 ವ್ಯಾಟ್ ಮೋಟಾರು ನಿಮಿಷಕ್ಕೆ 2650 ಸುತ್ತು ತಿರುಗುವಾಗ ಕೊಡುವ ತಿರುಚುಬಲ 0.9 ನ್ಯೂಟನ್-ಮೀಟರ್. ಮೋಟಾರಿಗೆ 11 ಹಲ್ಲು, ಅಚ್ಚಿಗೆ 65 ಹಲ್ಲಿನ ಚಕ್ರ ಹಾಕಿ ಸರಪಳಿ ತೊಡಿಸಿದರೆ ಅದು ಸುಮಾರು ಆರು ಪಟ್ಟಾಗುತ್ತದೆ. 25 ಸೆಂಟಿಮೀಟರ್ ವ್ಯಾಸದ ಟೈರಿನಲ್ಲಿ ಸಿಗುವ ತಳ್ಳುಬಲ 42 ನ್ಯೂಟನ್ ಮಾತ್ರ. ಏರಿಗೆ ಸಾಲದು. ಸಮತಟ್ಟಿನಲ್ಲೋ ಗಂಟೆಗೆ 21 ಕಿಲೋಮೀಟರ್ ಓಡುತ್ತದೆ! ಬೇಕಾದ ಕಡೆ ಬಲವಿಲ್ಲ, ಬೇಡದ ಕಡೆ ವೇಗ.

ಅನುಪಾತವನ್ನು 11ಕ್ಕೆ ಏರಿಸಿ ನೋಡಿ. ತಳ್ಳುಬಲ 79 ನ್ಯೂಟನ್‌ಗೆ ಏರುತ್ತದೆ. ಏರಿನ ಲೆಕ್ಕ ಸರಿಹೊಂದಿತು. ವೇಗ ತಾನಾಗಿಯೇ 11 ಕಿಲೋಮೀಟರಿನ ಆಸುಪಾಸಿಗೆ ಇಳಿಯಿತು. ಮೋಟಾರು ಅದೇ, ಬ್ಯಾಟರಿ ಅದೇ. ಸರಪಳಿಯ ನಷ್ಟದಿಂದ ಸ್ವಲ್ಪ ಹೆಚ್ಚುಕಡಿಮೆಯಾದೀತು ಅಷ್ಟೆ. ಒಂದೇ ಜೋಡಿ ಹಲ್ಲುಚಕ್ರದಲ್ಲಿ ಇಷ್ಟು ಅನುಪಾತ ಕಷ್ಟವಾದ್ದರಿಂದ, ಒಳಗೇ ಗೇರುಪೆಟ್ಟಿಗೆ ಇರುವ ಮೋಟಾರನ್ನು ಆರಿಸಿದರೆ ಕೆಲಸ ಸುಲಭ. "ಹೆಚ್ಚು ಶಕ್ತಿ" ಎಂದು ಜನ ಕೇಳುವುದರಲ್ಲಿ ಬಹುಪಾಲು ಹೀಗೆ ಗೇರಿನಿಂದಲೇ ಸಿಗುವಂಥದ್ದು.

ಕಡಿವಾಣ ಎಂಬ ಪುಟ್ಟ ಪೆಟ್ಟಿಗೆ

ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ ಎಂಬ ಸ್ವಿಚ್ಚಿನ ಜಾಗಕ್ಕೆ ಬರಬೇಕಾದದ್ದು ವೇಗ ನಿಯಂತ್ರಕ. ಅಂಗೈಯಗಲದ ಈ ಅಲ್ಯೂಮಿನಿಯಂ ಪೆಟ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಗಳಲ್ಲಿ ಸಿಗುತ್ತದೆ. ಒಳಗಿರುವ ಟ್ರಾನ್ಸಿಸ್ಟರುಗಳು ಬ್ಯಾಟರಿಯ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ, ತಡೆದು, ಮತ್ತೆ ಹರಿಸುತ್ತವೆ. ಅರ್ಧ ಹೊತ್ತು ಹರಿದು ಅರ್ಧ ಹೊತ್ತು ನಿಂತರೆ ಮೋಟಾರಿಗೆ ಸಿಗುವುದು ಸರಾಸರಿ ಅರ್ಧ ವೋಲ್ಟೇಜು. ಕಾಲು ಹೊತ್ತು ಹರಿದರೆ ಕಾಲು ಭಾಗ. ಮಗು ಪೆಡಲನ್ನು ಎಷ್ಟು ಒತ್ತುತ್ತದೆಯೋ ಅಷ್ಟೇ ವೇಗ.

ಒಳ್ಳೆಯ ನಿಯಂತ್ರಕ ಇನ್ನೂ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಪೆಡಲನ್ನು ಒಮ್ಮೆಲೇ ಒತ್ತಿದರೂ ವಿದ್ಯುತ್ತನ್ನು ಮೆಲ್ಲಗೆ ಏರಿಸುವುದು. ಕತ್ತು ಹಿಂದಕ್ಕೆ ಜಗ್ಗುವುದಿಲ್ಲ, ಹಲ್ಲು ಮುರಿಯುವುದಿಲ್ಲ. ಎರಡನೆಯದು, ಪ್ರವಾಹಕ್ಕೆ ಒಂದು ಮಿತಿ ಹಾಕುವುದು. ಗೋಡೆಗೆ ಆನಿಸಿ ಒತ್ತಿ ಹಿಡಿದರೂ ಪ್ರವಾಹ ಆ ಮಿತಿ ದಾಟುವುದಿಲ್ಲ. ಪ್ಲಾಸ್ಟಿಕ್ ಕಾರಿನಲ್ಲಿ ವೋಲ್ಟೇಜನ್ನು ಮುಟ್ಟದೆ ಇಷ್ಟು ಮಾತ್ರ ಹಾಕಿದರೂ ಅದರ ನಡತೆಯೇ ಬದಲಾಗುತ್ತದೆ.

ಆದರೆ ಇಲ್ಲೊಂದು ಬಲೆಯಿದೆ. ಹಲವು ಆಟಿಕೆ ಕಾರುಗಳಲ್ಲಿ ಪೆಡಲ್ ಬಿಟ್ಟೊಡನೆ ಸ್ವಿಚ್ಚು ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸುತ್ತದೆ. ಆಗ ತಿರುಗುತ್ತಿರುವ ಮೋಟಾರು ಜನರೇಟರಾಗಿ ತನ್ನನ್ನೇ ತಡೆದು ನಿಲ್ಲಿಸುತ್ತದೆ. ಬೇರೆ ಬ್ರೇಕೇ ಇಲ್ಲದ ಆ ಕಾರಿಗೆ ಅದೇ ಬ್ರೇಕು. ಹಳೆಯ ಸ್ವಿಚ್ಚು ಕಿತ್ತು ಹೊಸ ನಿಯಂತ್ರಕ ಜೋಡಿಸಿದಾಗ ಈ ಬ್ರೇಕು ಸದ್ದಿಲ್ಲದೆ ಮಾಯವಾಗಬಹುದು! ಮೊದಲ ದಿನ ಇಳಿಜಾರಿಗೆ ಹೋದಾಗಲೇ ಅದು ಗೊತ್ತಾಗುವುದು. ಆದ್ದರಿಂದ ವೇಗ ಹೆಚ್ಚಿಸುವ ಯಾವ ಕಾರಿಗೂ ಕಾಲಿನಿಂದ ಒತ್ತುವ ಪ್ರತ್ಯೇಕ ಬ್ರೇಕು ಬೇಕು. ಬ್ರೇಕು ಮುಟ್ಟಿದೊಡನೆ ಮೋಟಾರಿನ ವಿದ್ಯುತ್ ಕಡಿಯುವ ಸ್ವಿಚ್ಚೂ ಅದರ ಜೊತೆಗಿರಬೇಕು.

ಪೆಡಲ್ ಕೂಡ ಮೋಸ ಮಾಡಬಲ್ಲದು. ವಿದ್ಯುತ್ ಸೈಕಲ್ಲುಗಳಂತೆ ಇಲ್ಲೂ ಪೆಡಲಿನೊಳಗಿನ ಸಂವೇದಕ ಬಿಟ್ಟಾಗ ಸುಮಾರು 1 ವೋಲ್ಟ್, ಪೂರ್ತಿ ಒತ್ತಿದಾಗ ಸುಮಾರು 4 ವೋಲ್ಟ್ ಸಂಕೇತ ಕೊಡುತ್ತದೆ. ಅದರ ನೆಲದ ವೈರು ಕಿತ್ತುಹೋದರೆ ಸಂಕೇತ ಮೇಲಕ್ಕೇರಿ "ಪೂರ್ತಿ ಒತ್ತಲಾಗಿದೆ" ಎಂದು ನಿಯಂತ್ರಕ ತಿಳಿಯಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿ ಇದಕ್ಕಾಗಿಯೇ ಒಂದು ನಿಯಮವಿದೆ. ವಿದ್ಯುತ್ ಕಾರಿನ ಪೆಡಲಿಗೆ ಎರಡು ಸಂವೇದಕ ಇರಬೇಕು. ಎರಡರ ಮಾತು ಹೊಂದದಿದ್ದರೆ ಕ್ಷಣಾರ್ಧದಲ್ಲಿ ಮೋಟಾರಿನ ಶಕ್ತಿ ಕಡಿದುಹೋಗಬೇಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲೂ ತಪಾಸಣೆಯಲ್ಲಿ ಪಾಸಾಗದ ಕಾರು ಓಟಕ್ಕಿಳಿಯುವಂತಿಲ್ಲ. ಇಪ್ಪತ್ತು ವರ್ಷದವರಿಗೇ ಇಷ್ಟು ಕಟ್ಟುನಿಟ್ಟಾದರೆ ಎಂಟು ವರ್ಷದವಳ ಕಾರಿಗೆ? ಕನಿಷ್ಠ ಕೈಗೆಟಕುವ ಒಂದು ಕೆಂಪು ಗುಂಡಿ, ಒತ್ತಿದೊಡನೆ ಬ್ಯಾಟರಿಯ ಸಂಪರ್ಕವನ್ನೇ ಕಡಿಯುವಂಥದ್ದು, ಇರಲೇಬೇಕು.

ತಿರುವಿನಲ್ಲಿ ಕಲಿಯುವ ಪಾಠ

ಪ್ಲಾಸ್ಟಿಕ್ ಚಕ್ರ ಜಾರುತ್ತದೆಂದು ಅದಕ್ಕೆ ರಬ್ಬರ್ ಪಟ್ಟಿ ಹೊದಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಹಿಡಿತ ಹೆಚ್ಚುತ್ತದೆ, ನಿಜ. ಆದರೆ ಹಿಡಿತ ಹೆಚ್ಚಿದಾಗ ಹೊಸ ಅಪಾಯವೊಂದು ಎದುರಾಗುತ್ತದೆ. ಚಕ್ರಗಳ ನಡುವಿನ ಅಗಲ 60 ಸೆಂಟಿಮೀಟರ್, ಮಗು ಕುಳಿತಾಗ ಗುರುತ್ವಕೇಂದ್ರ 40 ಸೆಂಟಿಮೀಟರ್ ಎತ್ತರದಲ್ಲಿರುವ ಕಾರು ಎರಡು ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ, ಗಂಟೆಗೆ ಸುಮಾರು 14 ಕಿಲೋಮೀಟರಿಗೆ ಮಗುಚುತ್ತದೆ. ಪ್ಲಾಸ್ಟಿಕ್ ಚಕ್ರವಾಗಿದ್ದರೆ ಅದಕ್ಕೂ ಮೊದಲೇ, ಸುಮಾರು 10ರ ವೇಗದಲ್ಲೇ ಜಾರಿ ಪಕ್ಕಕ್ಕೆ ಸರಿಯುತ್ತಿತ್ತು. ಜಾರುವ ಚಕ್ರವೇ ಅಲ್ಲಿ ಮಗುವನ್ನು ಕಾಪಾಡುತ್ತಿತ್ತು! ರಬ್ಬರು ಹಿಡಿದುಕೊಂಡಿತು, ಕಾರು ಪಲ್ಟಿ ಹೊಡೆಯಿತು.

ನಿಜವಾದ ಗೋ-ಕಾರ್ಟುಗಳು ನೆಲಕ್ಕಂಟಿದಂತೆ ತಗ್ಗಾಗಿ, ಅಗಲವಾಗಿ ಇರುವುದು ಇದಕ್ಕೇ. ಅಗಲವನ್ನು 80 ಸೆಂಟಿಮೀಟರಿಗೆ ಹಿಗ್ಗಿಸಿ, ಸೀಟು ಮತ್ತು ಬ್ಯಾಟರಿಯನ್ನು ನೆಲಮಟ್ಟಕ್ಕೆ ಇಳಿಸಿ ಗುರುತ್ವಕೇಂದ್ರವನ್ನು 30 ಸೆಂಟಿಮೀಟರಿಗೆ ತಂದರೆ, ರಬ್ಬರ್ ಟೈರಿದ್ದರೂ ಕಾರು ಮಗುಚುವ ಮೊದಲು ಜಾರುತ್ತದೆ.

ತಿರುಗುವಾಗ ಒಳಗಿನ ಮುಂಚಕ್ರ ಹೊರಗಿನದಕ್ಕಿಂತ ಹೆಚ್ಚು ಕೋನದಲ್ಲಿ ಹೊರಳಬೇಕು. ಅದು ಸುತ್ತುವ ವೃತ್ತ ಚಿಕ್ಕದು. ಕುದುರೆಗಾಡಿಗಳ ಕಾಲದಲ್ಲೇ, 1818ರಲ್ಲಿ, ರುಡಾಲ್ಫ್ ಆಕರ್‌ಮನ್ ಲಂಡನ್ನಿನಲ್ಲಿ ಇದರ ಪೇಟೆಂಟ್ ಪಡೆದ. ಇಂದಿಗೂ ಕಾರುಗಳ ಸ್ಟಿಯರಿಂಗ್ ಆ ರೇಖಾಗಣಿತದ ಮೇಲೆಯೇ ನಿಂತಿದೆ. ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಸರಳುಗಳನ್ನು ಸಮಾನಾಂತರವಾಗಿ ಬೆಸೆದು ಮುಗಿಸಿದರೆ ತಿರುವಿನಲ್ಲಿ ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ. ಮಗುವಿನ ಪುಟ್ಟ ಕೈಗೆ ಚಾಲನಚಕ್ರ ಬಗ್ಗುವುದಿಲ್ಲ.

ಬ್ಯಾಟರಿ ಎಂಬ ಬೆಂಕಿಪೊಟ್ಟಣ

1998ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ದೊಡ್ಡ ಪ್ರಕಟಣೆ ಹೊರಡಿಸಿತು. 'ಪವರ್ ವೀಲ್ಸ್' ಹೆಸರಿನ, ಮಕ್ಕಳು ಓಡಿಸುವ ಸುಮಾರು ಒಂದು ಕೋಟಿ ಬ್ಯಾಟರಿ ಕಾರು-ಟ್ರಕ್ಕುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಲಾಯಿತು. ಕಾರಣ, ವಿದ್ಯುತ್ ಭಾಗಗಳು ಕಾದು ಬೆಂಕಿ ಹೊತ್ತಿಕೊಳ್ಳುವ ಸಂಭವ. ಕಾರ್ಖಾನೆಯಲ್ಲಿ ತಯಾರಾದ ಆಟಿಕೆಗೇ ಈ ಗತಿಯಾದರೆ, ಮನೆಯಲ್ಲಿ ವೈರು ಜೋಡಿಸುವವರು ಎಷ್ಟು ಎಚ್ಚರದಿಂದಿರಬೇಕು!

ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೇ ಫ್ಯೂಸು ಇರಬೇಕು. ಫ್ಯೂಸು ಕಾಪಾಡುವುದು ವೈರನ್ನು. ವೈರು ತಾಳುವ ಪ್ರವಾಹಕ್ಕಿಂತ ಫ್ಯೂಸಿನ ಅಳತೆ ಕಡಿಮೆಯಿರಬೇಕು. ಮನೆಯ ಫ್ಯೂಸು ಹೋದಾಗ ದಪ್ಪ ತಂತಿ ಸುತ್ತಿಬಿಡುವ ಅಭ್ಯಾಸ ಇಲ್ಲಿ ಸಲ್ಲದು. ಮೋಟಾರು ದೊಡ್ಡದಾದರೆ ವೈರೂ ದಪ್ಪವಾಗಬೇಕು. ಹತ್ತು ನಿಮಿಷ ಓಡಿಸಿದ ಮೇಲೆ ವೈರು ಮುಟ್ಟಿ ನೋಡಿ; ಬಿಸಿಯಾಗಿದ್ದರೆ ಅದು ಸಾಲದು.

ಸೀಸ-ಆಮ್ಲ ಬ್ಯಾಟರಿ ಭಾರವಾದರೂ ಸಹನಶೀಲ. ಲಿಥಿಯಂ ಬ್ಯಾಟರಿ ಹಗುರ, ಅದೇ ತೂಕಕ್ಕೆ ಕೆಲವು ಪಟ್ಟು ಶಕ್ತಿ ಹಿಡಿಯುತ್ತದೆ. ಆದರೆ ತಪ್ಪನ್ನು ಕ್ಷಮಿಸುವುದಿಲ್ಲ. ಲಿಥಿಯಂ ಆರಿಸುವವರಿಗೆ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗೆಯದು ಹೆಚ್ಚು ಸ್ಥಿರ. ಪ್ರತಿ ಕೋಶ 3.2 ವೋಲ್ಟ್, ನಾಲ್ಕು ಸೇರಿದರೆ 12.8. ಪ್ರತಿ ಕೋಶವನ್ನೂ ಕಾಯುವ ರಕ್ಷಣಾ ಮಂಡಲ ಮತ್ತು ಅದಕ್ಕೆಂದೇ ಇರುವ ಚಾರ್ಜರ್ ಇಲ್ಲದೆ ಅದನ್ನು ಮನೆಯೊಳಗೆ ತರಬಾರದು. ಹಳೆಯ ಲ್ಯಾಪ್‌ಟಾಪಿನ ಕೋಶಗಳನ್ನು ಕಿತ್ತು ಜೋಡಿಸುವ ಸಾಹಸ ಮಕ್ಕಳ ಸೀಟಿನ ಕೆಳಗೆ ಬೇಡವೇ ಬೇಡ.

ವೋಲ್ಟೇಜಿಗೂ ಒಂದು ಲಕ್ಷ್ಮಣರೇಖೆಯಿದೆ. ವಿದ್ಯುತ್ ಆಟಿಕೆಗಳ ಅಂತರರಾಷ್ಟ್ರೀಯ ಮಾನದಂಡ 24 ವೋಲ್ಟಿಗಿಂತ ಮೇಲೆ ಹೋಗಲು ಬಿಡುವುದಿಲ್ಲ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ಆದರೆ ಆ ಗುರುತು ಕಾರ್ಖಾನೆಯಿಂದ ಬಂದ ಆಟಿಕೆಗೆ ಮಾತ್ರ ಸಾಕ್ಷಿ. ಸ್ಕ್ರೂ ಬಿಚ್ಚಿ ಬದಲಾಯಿಸಿದ ಕ್ಷಣದಿಂದ ಹೊಣೆಯೆಲ್ಲ ಬಿಚ್ಚಿದವರದು.

ಹಿಂದೆ ನಡೆದವರ ದಾರಿ

ಮಗುವಿಗಾಗಿ ವಿದ್ಯುತ್ ಕಾರು ಕಟ್ಟುವ ಹುಚ್ಚು ಇಂದಿನದಲ್ಲ. 1926ರಲ್ಲಿ ಫ್ರಾನ್ಸಿನ ಹೆಸರಾಂತ ಕಾರು ತಯಾರಕ ಎಟ್ಟೋರ್ ಬುಗಾಟಿ ತನ್ನ ಕಿರಿಯ ಮಗ ರೋಲಾಂಡ್‌ನ ನಾಲ್ಕನೆಯ ಹುಟ್ಟುಹಬ್ಬಕ್ಕೆ, ತಮ್ಮ ಓಟದ ಕಾರಿನ ಅರ್ಧ ಅಳತೆಯ ವಿದ್ಯುತ್ ಕಾರೊಂದನ್ನು ಮಾಡಿಸಿದ. ನೋಡಿದ ಗಿರಾಕಿಗಳೆಲ್ಲ ತಮ್ಮ ಮಕ್ಕಳಿಗೂ ಬೇಕೆಂದರು. 1936ರವರೆಗೆ ಅಂಥ ಸುಮಾರು 500 ಕಾರುಗಳು ತಯಾರಾದವು. 2019ರಲ್ಲಿ ಅದರ ಹೊಸ ರೂಪ ಪ್ರಕಟವಾದಾಗ ಗಮನ ಸೆಳೆದದ್ದು ಅದರ ಕಡಿವಾಣ. ಕಲಿಯುವವರಿಗೆ 1 ಕಿಲೋವ್ಯಾಟ್, ಗಂಟೆಗೆ 20 ಕಿಲೋಮೀಟರ್ ಮಿತಿ. ಪಳಗಿದವರಿಗೆ 4 ಕಿಲೋವ್ಯಾಟ್, 45 ಕಿಲೋಮೀಟರ್. ಅದಕ್ಕೂ ಹೆಚ್ಚಿನ ಶಕ್ತಿ ಬೇಕೆಂದರೆ ಬೇರೆಯೇ ಕೀಲಿಕೈ!

ಗೋ-ಕಾರ್ಟಿನ ಹುಟ್ಟು ಇನ್ನೂ ಸರಳ. 1956ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ, ಓಟದ ಕಾರುಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಕೊಳವೆಯ ಚೌಕಟ್ಟಿಗೆ ಕೂರಿಸಿ ಮೊದಲ ಕಾರ್ಟ್ ಮಾಡಿದ.

ನಮ್ಮ ನೆಲದ ಕಥೆಯೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ 'ಸನ್‌ರನ್ನರ್' ಎಂಬ ಸೌರಕಾರು 1990ರಲ್ಲಿ ಅಲ್ಲಿನ ಓಟ ಗೆದ್ದು, ಆಸ್ಟ್ರೇಲಿಯಾದ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿದ್ದ ಬೆಂಗಳೂರಿನ ಚೇತನ್ ಮೈನಿ ಮುಂದೆ 2001ರಲ್ಲಿ ಇಲ್ಲಿನ ರಸ್ತೆಗಿಳಿದ 'ರೇವಾ' ವಿದ್ಯುತ್ ಕಾರಿನ ಹಿಂದಿದ್ದರು. 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿ, ಒಟ್ಟು 48 ವೋಲ್ಟ್, ಒಂದು ನೇರ ವಿದ್ಯುತ್ತಿನ ಮೋಟಾರು. 2007ರ ಹೊಸ ಮಾದರಿಯಲ್ಲಿ ಆ ಮೋಟಾರಿನ ಬದಲು ಪರ್ಯಾಯ ವಿದ್ಯುತ್ತಿನ ಮೋಟಾರು ಮತ್ತು ಅದಕ್ಕೆ ತಕ್ಕ ನಿಯಂತ್ರಕ ಬಂದವು. ಮೋಟಾರಿನ ಜೊತೆಗೆ ಅದನ್ನು ಆಳುವ ಬುದ್ಧಿಯೂ ಬದಲಾದರೆ ಮಾತ್ರ ಸುಧಾರಣೆ ಎಂಬುದಕ್ಕೆ ಇದೊಂದು ಉದಾಹರಣೆ.

ಕೈ ಹಾಕುವ ಮುನ್ನ

* ಮೊದಲು ಬ್ಯಾಟರಿ, ಕನೆಕ್ಟರು, ಅಚ್ಚು ಪರೀಕ್ಷಿಸಿ. ಆಮೇಲೆ ಬದಲಾವಣೆಯ ಮಾತು.

* ಕೆಲಸದ ಕ್ರಮ ಹೀಗಿರಲಿ: ಫ್ಯೂಸು, ಬ್ರೇಕು, ತುರ್ತು ಗುಂಡಿ, ನಿಯಂತ್ರಕ. ಕೊನೆಗೆ ಮೋಟಾರು.

* ಬ್ಯಾಟರಿ ಮುಟ್ಟುವಾಗ ಉಂಗುರ, ಬಳೆ, ಲೋಹದ ಗಡಿಯಾರ ತೆಗೆದಿಡಿ. ಸ್ಪ್ಯಾನರ್ ಎರಡು ತುದಿಗೂ ತಾಗಿದರೆ ಕೆಂಪಗೆ ಕಾಯುತ್ತದೆ.

* ಮೊದಲ ಪರೀಕ್ಷೆ ಚಕ್ರಗಳನ್ನು ನೆಲದಿಂದ ಎತ್ತಿಟ್ಟು. ಎರಡನೆಯದು ಮಗುವಿನ ತೂಕದ ಅಕ್ಕಿಮೂಟೆ ಕೂರಿಸಿ. ಮಗು ಕೂರುವುದು ಮೂರನೆಯದಕ್ಕೆ.

* ಸರಪಳಿ, ಹಲ್ಲುಚಕ್ರ, ಅಚ್ಚಿಗೆ ಪೂರ್ತಿ ಮುಚ್ಚಳ ಹಾಕಿ. ಜಡೆಯನ್ನು ಹೆಲ್ಮೆಟ್ಟಿನೊಳಗೆ ಸೇರಿಸಿ. ದುಪಟ್ಟಾ, ಲಂಗದ ಅಂಚು ಹೊರಗೆ ತೂಗಾಡಬಾರದು. 2018ರ ಫೆಬ್ರುವರಿಯಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಗೋ-ಕಾರ್ಟಿನ ಚಕ್ರಕ್ಕೆ ಕೂದಲು ಸಿಕ್ಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು.

* ಚಾರ್ಜಿಗೆ ಹಾಕಿ ಮಲಗಬೇಡಿ. ಗಾಳಿಯಾಡುವ ಕಡೆ, ಕಣ್ಣಳತೆಯಲ್ಲಿ ಚಾರ್ಜ್ ಆಗಲಿ.

* ರಸ್ತೆಗೆ ಬೇಡ. ಬೀದಿ ಎಷ್ಟೇ ಖಾಲಿಯಾಗಿರಲಿ, ಮೂಲೆ ತಿರುಗಿ ಬರುವ ಸ್ಕೂಟರಿನವನಿಗೆ ಮೊಣಕಾಲೆತ್ತರದ ಕಾರು ಕಾಣಿಸುವುದಿಲ್ಲ.

ಸುಣ್ಣದ ಗೆರೆ

ಮತ್ತೆ ಆ ಮನೆಗೆ ಹೋಗೋಣ. ಎರಡು ರಜೆಯ ವಾರಗಳ ಕೆಲಸ ಮುಗಿದಿದೆ. ಬ್ಯಾಟರಿ ಹೊಸದು. 12 ವೋಲ್ಟ್ ಹಾಗೇ ಇದೆ. ನಿಯಂತ್ರಕ, ಫ್ಯೂಸು, ಕಾಲಿನ ಬ್ರೇಕು, ಕೆಂಪು ಗುಂಡಿ ಸೇರಿಕೊಂಡಿವೆ. ದೊಡ್ಡ ಮೋಟಾರಿನ ಮಾತು ಕಬ್ಬಿಣದ ಚೌಕಟ್ಟು ಸಿದ್ಧವಾದ ಮೇಲೆ ಎಂದು ತೀರ್ಮಾನವಾಗಿದೆ. ಅಣ್ಣನಿಗೆ ಸ್ವಲ್ಪ ನಿರಾಸೆಯೇನೋ ಹೌದು. ಆದರೆ ಓಮ್‌ನ ನಿಯಮವನ್ನು ಅವನು ಇನ್ನು ಮರೆಯಲಾರ.

ಶಾಲೆಯ ಮೈದಾನದಲ್ಲಿ ಅಪ್ಪ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯುತ್ತಾರೆ. "ಎಷ್ಟು ಜೋರಾಗಿ ಬರ್ತೀಯ ಅಂತಲ್ಲ ಪುಟ್ಟಿ, ಗೆರೆ ಹತ್ರ ಸರಿಯಾಗಿ ನಿಲ್ಲಿಸ್ತೀಯಾ ಅಂತ ನೋಡ್ಬೇಕು." ಮೊದಲ ಸಲ ಗೆರೆ ದಾಟಿ ಎರಡು ಗಜ ಹೋಗುತ್ತದೆ. ಎರಡನೆಯ ಸಲ ತೀರಾ ಮೊದಲೇ ನಿಲ್ಲುತ್ತದೆ. ಐದನೆಯ ಸಲ ಮುಂದಿನ ಚಕ್ರ ಗೆರೆಯ ಮೇಲೆ ಕೂರುತ್ತದೆ.

ಅವಳು ಕೈ ಮೇಲೆತ್ತಿ ಕೂಗುತ್ತಾಳೆ. ಬಂದ ವೇಗ ಗಂಟೆಗೆ ಐದೇ ಕಿಲೋಮೀಟರ್. ಆದರೆ ಕಾರು ಈಗ ಅವಳ ಮಾತು ಕೇಳುತ್ತಿದೆ.